ಪುಸ್ತಕದಲ್ಲಿಲ್ಲದ ಹಿಟ್ಟಿನಜ್ಜಿ

ಆರನೆಯ ಭಾಗದ ಇಪ್ಪತ್ತು ಪುಟ ಓದಿದ ಮೇಲೆ ಪುಸ್ತಕ ಮುಚ್ಚಿ ಅದರ ಬೆನ್ನು ನೋಡಿದೆ. ಬೇರೆ ಯಾವುದೋ ಪುಸ್ತಕ ತಂದುಬಿಟ್ಟಿದ್ದೇನೆಯೇ ಎಂದು ಅನುಮಾನ ಬಂದಿತ್ತು. ಇಲ್ಲ, ಹೆಸರು ಅದೇ. ಮುಖಪುಟದ ಮೇಲೆ ಅದೇ ಮಂಜು, ಅದೇ ದೀಪಸ್ತಂಭ. ಬೆನ್ನಿನ ಮೇಲೆ ಬೆಳ್ಳಿ ಬಣ್ಣದಲ್ಲಿ ಆರು ಎಂಬ ಅಂಕಿ. ಆದರೆ ಒಳಗೆ ನಡೆಯುತ್ತಿದ್ದ ಯಾವುದೂ ನನಗೆ ಅರ್ಥವಾಗುತ್ತಿರಲಿಲ್ಲ. ಯಾರೋ ಒಬ್ಬ ಮುದಿ ನಾವಿಕ ಬಂದು ಬಾಗಿಲು ಬಡಿಯುತ್ತಾನೆ. ಅವನ ದನಿ ಕೇಳಿದ ಕೂಡಲೇ ದೀಪದ ಹುಡುಗಿಯ ಕೈಯಿಂದ ಲಾಟೀನು ಜಾರಿ ಬೀಳುತ್ತದೆ. ‘ನೀನು ಸತ್ತೇಹೋದೆ ಅಂದುಕೊಂಡಿದ್ದೆ’ ಎಂದು ಅಳುತ್ತಾಳೆ. ಯಾರು ಇವನು? ಹಿಂದಿನ ಐದೂ ಭಾಗ ಓದಿದವಳು ನಾನು. ಈ ಮನುಷ್ಯನನ್ನು ಎಲ್ಲೂ ಕಂಡಿರಲಿಲ್ಲ.

ಓದಿದವಳು ಎಂದೆ. ಆ ಮಾತು ಪೂರ್ತಿ ನಿಜವಲ್ಲ. ನಿಜವಲ್ಲದ ಆ ಭಾಗವನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಓದಿದ್ದು ಏಳನೆಯ ತರಗತಿಯವರೆಗೆ. ಶಿರಾದ ಕಡೆಯ ನಮ್ಮೂರಿನಲ್ಲಿ ಆಗ ಇದ್ದದ್ದು ಅಷ್ಟೇ. ಹೈಸ್ಕೂಲಿಗೆ ಹೋಗುವ ಬಸ್ಸು ಶುರುವಾದಾಗ ನನಗೆ ಹದಿನಾರು ದಾಟಿತ್ತು, ತಂಗಿಗೆ ಹತ್ತು. ಬಸ್ಸು ಅವಳ ಕಾಲಕ್ಕೆ ಬಂತು. ಅವಳು ಅದರಲ್ಲಿ ಹತ್ತಿ ಹೋದವಳು ಎಂ.ಎ., ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವ ಮೇಡಂ ಆದಳು. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೂ ನಮ್ಮಿಬ್ಬರ ನಡುವೆ ಅದು ಯಾವಾಗಲೂ ಇತ್ತು. ಅರ್ಜಿ ತುಂಬಬೇಕಾದರೆ ಅವಳನ್ನು ಕರೆಯುತ್ತಿದ್ದರು, ಹೋಳಿಗೆ ಬೇಯಿಸಬೇಕಾದರೆ ನನ್ನನ್ನು.

ಸ್ವೀಡನ್ನಿಗೆ ಮಾತ್ರ ನಾನು ಮೊದಲು ಬಂದೆ. ನನ್ನ ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರದ ಹತಾರಗಳ ಕೆಲಸ ಕಲಿತವರು. ಸ್ಯಾಂಡ್‌ವಿಕೆನ್‌ನಲ್ಲಿ ಅಂಥವರಿಗೆ ಕೆಲಸವಿತ್ತು. ನಮಗೆ ಮಕ್ಕಳಿಲ್ಲ. ಹಗಲೆಲ್ಲ ಮನೆಯಲ್ಲಿ ಒಬ್ಬಳೇ ಕೂತು ಕಿಟಕಿಯಿಂದ ಬರ್ಚ್ ಮರಗಳನ್ನು ಎಣಿಸುವುದು ಸಾಕಾಗಿ ಎಸ್‌ಎಫ್‌ಐಗೆ ಸೇರಿದೆ. ಹೊರಗಿನಿಂದ ಬಂದವರಿಗೆ ಕೊಮ್ಮೂನ್, ಅಂದರೆ ಅಲ್ಲಿಯ ಪುರಸಭೆ, ಸ್ವೀಡಿಷ್ ಕಲಿಸುವ ತರಗತಿ ಅದು. ಅರ್ಧಕ್ಕೆ ಬಿಟ್ಟೆ. ಒಂದು ಶಾಲೆಯ ಅಡುಗೆಮನೆಯಲ್ಲಿ ಬೆಳಗಿನ ಕೆಲಸ ಸಿಕ್ಕಿತು. ಆಲೂಗಡ್ಡೆ ಬೇಯಿಸುವುದು, ಬಡಿಸುವುದು, ತಟ್ಟೆ ತೊಳೆಯುವುದು. ಮಾತು ಅಲ್ಲಿಯ ಹೆಂಗಸರ ಜೊತೆ ಕಾಫಿ ಕುಡಿಯುತ್ತಾ ತಾನಾಗಿ ಬಂತು. ಓದುವುದು ಅಷ್ಟಾಗಿ ಬರಲಿಲ್ಲ. ಮಕ್ಕಳ ಪುಸ್ತಕ ಓದು, ಸುಲಭವಾಗಿ ಬರುತ್ತೆ ಎಂದು ತರಗತಿಯ ಟೀಚರ್ ಮೊದಲೇ ಹೇಳಿದ್ದರು. ಊರಿನ ಗ್ರಂಥಾಲಯದ ಮಕ್ಕಳ ಕಪಾಟಿನಲ್ಲಿ ಕೈಗೆ ಸಿಕ್ಕಿದ್ದು ಈ ಸರಣಿ.

ಕಥೆ ಒಂದು ದ್ವೀಪದ್ದು. ಪ್ರತಿ ಶರತ್ಕಾಲದಲ್ಲಿ ಸಮುದ್ರದಿಂದ ಮಂಜು ಬರುತ್ತದೆ. ಮಂಜು ಕರಗಿದಾಗ ಊರಿನ ಒಂದು ಮನೆ ಇರುವುದಿಲ್ಲ. ಗೋಡೆ, ಚಾವಣಿ, ಒಳಗಿದ್ದ ಜನ ಯಾವುದೂ ಇಲ್ಲ. ಮೆಟ್ಟಿಲು ಮಾತ್ರ ಉಳಿದಿರುತ್ತದೆ. ದೀಪಸ್ತಂಭ ಕಾಯುವವನ ಮಗಳಿಗೆ, ಆ ದೀಪದ ಹುಡುಗಿಗೆ, ಒಂದು ವಿದ್ಯೆ ಇದೆ. ಯಾವುದೇ ವಸ್ತುವನ್ನು ಮುಟ್ಟಿದರೆ ಅದರ ಹತ್ತಿರ ಕೊನೆಗೆ ಆಡಿದ ಮಾತು ಅವಳಿಗೆ ಕೇಳಿಸುತ್ತದೆ. ಹಾಗೆ ಮಾತಿನ ಚೂರುಗಳನ್ನು ಹೆಕ್ಕಿ ಮನೆ ಎಲ್ಲಿ ಹೋಯಿತೆಂದು ಪತ್ತೆ ಮಾಡುತ್ತಾಳೆ. ಒಂದೊಂದು ಭಾಗಕ್ಕೆ ಒಂದೊಂದು ಮನೆ. ಚಿಕ್ಕಂದಿನಲ್ಲಿ ಕಿರಾಣಿ ಪೊಟ್ಟಣದ ಕಾಗದವನ್ನೂ ಬಿಡದೆ ಪತ್ತೇದಾರಿ ಕಥೆ ಓದಿದವಳಿಗೆ ಇದು ಹಿಡಿಸಿತು. ಮೊದಲನೆಯ ಭಾಗ ಓದಲು ಎರಡು ತಿಂಗಳು ಹಿಡಿಯಿತು. ಆದರೆ ಓದಿದೆ. ಪ್ರತಿಯೊಂದು ಅಕ್ಷರ ಓದಿದೆ. ಇದನ್ನು ಯಾರು ಕೇಳಿದರೂ ಎದೆ ತಟ್ಟಿ ಹೇಳುತ್ತೇನೆ.

ಎರಡನೆಯ ಭಾಗದಿಂದ ತೊಂದರೆ ಶುರುವಾಯಿತು. ಪ್ರತಿ ಅಧ್ಯಾಯದ ಕೊನೆಯಲ್ಲಿ ಮೂರು ನಾಲ್ಕು ಪುಟ ಓರೆ ಅಕ್ಷರದಲ್ಲಿ ಒಂದೊಂದು ಕಾಗದ. ಯಾರು ಯಾರಿಗೆ ಬರೆದದ್ದೋ ಗೊತ್ತಾಗದು. ಹಳೆಯ ಕಾಲದ ಸ್ವೀಡಿಷ್. ಒಂದು ವಾಕ್ಯ ಅರ್ಧ ಪುಟ. ನನ್ನ ಹತ್ತಿರ ಇದ್ದ ನಿಘಂಟು ಸ್ವೀಡಿಷಿನಿಂದ ಇಂಗ್ಲಿಷಿಗೆ. ಆ ಇಂಗ್ಲಿಷ್ ಪದಕ್ಕೆ ಅರ್ಥ ನೋಡಲು ಇನ್ನೊಂದು ನಿಘಂಟು ಬೇಕು. ಕನ್ನಡ ಮುಟ್ಟುವಷ್ಟರಲ್ಲಿ ಹೊರಟ ಪದವೇ ಮರೆತಿರುತ್ತಿತ್ತು. ಕಾದಂಬರಿಯ ಮೊದಲಿಗೆ ಪದ್ಯ ಹಾಕುತ್ತಾರಲ್ಲ, ಇದೂ ಹಾಗೆ ಅಂದಕ್ಕೆ ಹಾಕಿದ್ದಿರಬೇಕು ಎಂದುಕೊಂಡು ಆ ಪುಟಗಳನ್ನು ದಾಟಿದೆ. ಐದನೆಯ ಭಾಗದವರೆಗೂ ದಾಟುತ್ತಲೇ ಹೋದೆ. ಕಥೆ ಅಲ್ಲಲ್ಲಿ ತುಂಡಾದಂತೆ ಅನಿಸುತ್ತಿತ್ತು. ನನಗೆ ಭಾಷೆ ಸಾಲದು, ಅದಕ್ಕೇ ಹೀಗೆ ಎಂದು ಸುಮ್ಮನಾಗುತ್ತಿದ್ದೆ.

ನನ್ನೊಬ್ಬಳಿಗಾಗಿ ಓದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಆಮೇಲೆ ತಂಗಿಯ ಗಂಡನಿಗೂ ಅದೇ ಊರಿನಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿ ಅವರು ಬಂದರು. ನಮ್ಮ ಕಟ್ಟಡದಿಂದ ಮೂರನೆಯ ಕಟ್ಟಡ. ಬಂದ ವರ್ಷವೇ ತಂಗಿ ಬಸುರಿಯಾದಳು. ಐದನೆಯ ತಿಂಗಳಲ್ಲಿ ಸ್ವಲ್ಪ ತೊಂದರೆ ಕಾಣಿಸಿತು. ಭಾರ ಎತ್ತಬೇಡಿ ಎಂದಷ್ಟೇ ಆಸ್ಪತ್ರೆಯವರು ಹೇಳಿದ್ದು. ಮಲಗಿಸಿದ್ದು ನಾನು. ಊರಿನಿಂದ ಬರಬೇಕಿದ್ದ ಅಮ್ಮ ಮಂಡಿನೋವಿನಿಂದ ಬರಲಾಗಲಿಲ್ಲ. ಹಾಗಾಗಿ ಬಸುರಿನ ಆರೈಕೆಯೂ ಬಾಣಂತನವೂ ನನ್ನ ಪಾಲಿಗೆ ಬಂದವು. ಶಾಲೆಯ ಕೆಲಸ ಮುಗಿಸಿ ಅವಳ ಮನೆಗೆ ಹೋಗುವುದು, ಊಟ ಬಡಿಸುವುದು, ತಲೆಗೆ ಎಣ್ಣೆ ಹಚ್ಚಿ ಬಾಚುವುದು. ಅವಳಿಗೆ ಅಲ್ಲಿಯ ಟೀವಿ ಅರ್ಥವಾಗದು. ತಂದಿದ್ದ ಪುಸ್ತಕಗಳೆಲ್ಲ ಮುಗಿದಿದ್ದವು.

ಒಂದು ದಿನ ನನ್ನ ಚೀಲದಲ್ಲಿ ಪುಸ್ತಕ ಕಂಡು ಎಳೆದುಕೊಂಡಳು.

“ಇದೇನಕ್ಕ? ನೀನು ಓದ್ತೀಯಾ ಇದನ್ನ?”

“ಹೂಂ. ಮತ್ತೇನು, ಚಪಾತಿ ಲಟ್ಟಿಸೋಕೆ ತಂದಿದೀನಾ?”

“ಸ್ವೀಡಿಷಲ್ಲಿ? ಇಡೀ ಪುಸ್ತಕಾನ?”

ಅವಳ ಮುಖ ಈಗಲೂ ಕಣ್ಣ ಮುಂದಿದೆ. ಅದರಲ್ಲಿ ಬೆರಗಿತ್ತು. ಹುಟ್ಟಿದಾಗಿನಿಂದ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ಅವಳು ಪುಟ ತಿರುವಿ ನೋಡಿ ಒಂದು ಪದವೂ ತಿಳಿಯದೆ ನನಗೆ ವಾಪಸು ಕೊಟ್ಟು, “ನಂಗೂ ಹೇಳೇ ಅಕ್ಕ” ಎಂದಳು.

ಹೇಳತೊಡಗಿದೆ. ಪುಸ್ತಕ ತೊಡೆಯ ಮೇಲೆ, ಬಾಚಣಿಗೆ ಅವಳ ಕೂದಲಿನಲ್ಲಿ. ಒಂದು ಪುಟ ನೋಡುವುದು, ಅದನ್ನು ಕನ್ನಡದಲ್ಲಿ ಹೇಳುವುದು. ಮೊದಲ ಭಾಗ ಸರಾಗವಾಗಿ ನಡೆಯಿತು. ಎರಡನೆಯದರಲ್ಲಿ ಸಿಕ್ಕಿಬಿದ್ದೆ. ನಾನು ಓದುವಾಗ ಅಲಕ್ಷ್ಯ ಮಾಡಿದ್ದ ತುಂಡುಗಳನ್ನು ತಂಗಿ ಅಲಕ್ಷ್ಯ ಮಾಡಲಿಲ್ಲ. ಅವಳು ಮೇಡಂ.

“ತಡಿ ತಡಿ. ಮನೇಲಿ ಬಾವಿ ಇತ್ತು ಅಂತ ಆ ಹುಡುಗೀಗೆ ಹೆಂಗೆ ಗೊತ್ತಾಯ್ತು? ಅವಳು ಮುಟ್ಟಿದ ಯಾವ ವಸ್ತೂನೂ ಹೇಳ್ಲಿಲ್ವಲ್ಲ.”

ಗೊತ್ತಾದದ್ದು ಆ ಓರೆ ಅಕ್ಷರದ ಕಾಗದಗಳಿಂದ. ಈಗ ನನಗೆ ತಿಳಿದಿದೆ. ಆಗ ತಿಳಿದಿರಲಿಲ್ಲ. ‘ಈ ಪುಟ ನನಗೆ ಓದೋಕೆ ಬರಲ್ಲ’ ಎನ್ನಬಹುದಿತ್ತು. ಐದು ಪದ. ಆ ಬೆರಗಿನ ಮುಖ ನೋಡಿಕೊಂಡು ಆ ಐದು ಪದ ನನ್ನ ಬಾಯಿಂದ ಬರಲಿಲ್ಲ.

“ಹಿಟ್ಟಿನಜ್ಜಿ ಹೇಳಿದ್ಲು” ಎಂದೆ.

“ಯಾವ ಹಿಟ್ಟಿನಜ್ಜಿ?”

“ಬಂದರಿನ ಹತ್ರ ಹಿಟ್ಟಿನ ಗಿರಣಿ ಇಟ್ಕೊಂಡಿರೋಳು. ಊರೋರೆಲ್ಲ ಅಲ್ಲಿಗೇ ಡಬ್ಬ ತಗೊಂಡು ಬರ್ಬೇಕು. ಸರದೀಲಿ ನಿಂತು ಎಲ್ಲ ಮಾತಾಡ್ತಾರಲ್ಲ, ಅವಳಿಗೆ ಎಲ್ಲರ ಮನೆ ವಿಷಯಾನೂ ಗೊತ್ತು.”

“ರಾಗಿ ಬೀಸ್ತಾಳಾ ಅಲ್ಲಿ?” ಎಂದು ನಕ್ಕಳು.

“ರಾಗಿ ಎಲ್ಲಿಂದ ಬರುತ್ತೆ? ರೈ ಅಂತ ಒಂದು ಧಾನ್ಯ. ರೊಟ್ಟಿ ತಿನ್ನಲ್ವಾ ನೀನು ಅಂಗಡೀದು, ಕರ್ರಗಿರೋದು? ಅದು.”

ಹಾಗೆ ಹಿಟ್ಟಿನಜ್ಜಿ ಹುಟ್ಟಿದಳು. ಕಥೆ ತುಂಡಾದಲ್ಲೆಲ್ಲ ದೀಪದ ಹುಡುಗಿ ಗಿರಣಿಗೆ ಹೋಗುತ್ತಿದ್ದಳು. ಅಜ್ಜಿ ಬೈಯುತ್ತಿದ್ದಳು, ಹಿಟ್ಟಿನ ಕೈಯಲ್ಲಿ ತಲೆಗೊಂದು ಮೊಟಕುತ್ತಿದ್ದಳು, ಬೇಕಾದ್ದನ್ನು ಹೇಳುತ್ತಿದ್ದಳು. ಮೂರನೆಯ ಭಾಗದ ಹೊತ್ತಿಗೆ ತಂಗಿಗೆ ದೀಪದ ಹುಡುಗಿಗಿಂತ ಅಜ್ಜಿಯೇ ಹೆಚ್ಚಾಗಿದ್ದಳು. ಊಟಕ್ಕೆ ಕೂಡುವ ಮೊದಲೇ “ಇವತ್ತು ಅಜ್ಜಿ ಬರ್ತಾಳಾ?” ಎನ್ನುವಳು. ಬರುತ್ತಿರಲಿಲ್ಲವೆಂದರೆ ಬರಿಸುತ್ತಿದ್ದೆ. ಹೆರಿಗೆಯ ಹಿಂದಿನ ವಾರ ಐದನೆಯ ಭಾಗ ಮುಗಿಯಿತು. ಹುಟ್ಟಿದ ಹೆಣ್ಣುಮಗುವನ್ನು ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವಾಗಲೂ ಹಿಟ್ಟಿನಜ್ಜಿಯ ಬೈಗುಳವನ್ನೇ ರಾಗ ಮಾಡಿ ಹೇಳುತ್ತಿದ್ದೆ.

ಮಗುವಿಗೆ ಒಂದೂವರೆ ವರ್ಷವಾಗಿ ಡಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಹೋಗತೊಡಗಿದ ಮೇಲೆ ತಂಗಿ ಎಸ್‌ಎಫ್‌ಐ ಸೇರಿದಳು. ನಾನು ಮೂರು ವರ್ಷದಲ್ಲಿ ಕಲಿಯದ್ದನ್ನು ಒಂದು ವರ್ಷದೊಳಗೆ ಕಲಿತಳು. ಕೊನೆಯ ಹಂತದ ಪರೀಕ್ಷೆ ಮುಗಿಸಿದರೆ ಕೊಮ್ಮೂನಿನವರು ನಡೆಸುವ ಶಾಲಾ ಸಹಾಯಕರ ಕೋರ್ಸಿಗೆ ಸೇರಬಹುದಿತ್ತು. ಮತ್ತೆ ಮಕ್ಕಳ ಎದುರು ನಿಲ್ಲುವ ದಾರಿ ಅದು. ಎರಡು ವರ್ಷಕ್ಕೂ ಹೆಚ್ಚು ಮನೆಯಲ್ಲಿ ಕೂತ ಮೇಡಂಗೆ ಅದೆಷ್ಟು ಬೇಕಾಗಿತ್ತೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಪರೀಕ್ಷೆಗೆ ಹೆಸರು ಕಳಿಸುವ ಮೊದಲು ಅವರ ಟೀಚರ್ ಪ್ರತಿಯೊಬ್ಬರಿಗೂ ಒಂದು ಪುಸ್ತಕ ಓದಿ ತರಗತಿಯ ಮುಂದೆ ಅದರ ಕಥೆ ಹೇಳಲು ಹೇಳಿದರು.

ಅದೇ ಸಮಯಕ್ಕೆ ಆರನೆಯ ಭಾಗ ಬಂತು. ಗ್ರಂಥಾಲಯದಲ್ಲಿ ಹೆಸರು ಬರೆಸಿ ಕಾದಿದ್ದೆ. ಪುಸ್ತಕ ಬಂದಿದೆಯೆಂದು ಕಾರ್ಡು ಬಂದ ದಿನವೇ ತಂದೆ. ಅಡುಗೆಮನೆಯ ಮೇಜಿನ ಮೇಲೆ ತೆರೆದು ಕೂತೆ. ಆಗಲೇ ಆ ಮುದಿ ನಾವಿಕ ಬಾಗಿಲು ಬಡಿದದ್ದು.

ಇಪ್ಪತ್ತರಿಂದ ನಲವತ್ತಕ್ಕೆ ಹೋದೆ. ಇನ್ನೂ ಕೆಟ್ಟಿತು. ನಾವಿಕ ಏನೇನೋ ಹಳೆಯ ಮಾತು ತೆಗೆಯುತ್ತಾನೆ. ‘ಮೂರನೆಯ ಮನೆಯ ಬಗ್ಗೆ ನಾನು ಬರೆದದ್ದು ಸುಳ್ಳು’ ಎನ್ನುತ್ತಾನೆ. ಬರೆದದ್ದು ಎಂದರೆ? ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತ ಮೇಲೆ ಹೊಳೆಯಿತು: ಓರೆ ಅಕ್ಷರ. ಎದ್ದು ಕೋಟು ಹಾಕಿಕೊಂಡು ಗ್ರಂಥಾಲಯಕ್ಕೆ ಹೋಗಿ ಎರಡರಿಂದ ಐದರವರೆಗಿನ ಭಾಗಗಳನ್ನು ತಂದೆ. ಎರಡು ನಿಘಂಟು ಅಕ್ಕಪಕ್ಕ ಇಟ್ಟುಕೊಂಡು ಒಂದು ಕಾಗದವನ್ನು ಮೂರು ದಿನ ಓದಿದೆ, ಉಳಿದವುಗಳ ಮೇಲೆ ಕಣ್ಣಾಡಿಸಿದೆ. ಎಲ್ಲವೂ ಅಲ್ಲೇ ಇತ್ತು. ಬಾವಿ, ಬೀಗದ ಕೈ, ಮಂಜು ಬರುವ ಮೊದಲು ಯಾರು ಯಾರ ಮನೆಗೆ ಹೋಗಿದ್ದರು ಎಂಬುದು. ಊರು ಬಿಟ್ಟು ಹೋದ ಆ ನಾವಿಕ ದೀಪದ ಹುಡುಗಿಗೆ ಬರೆದ ಕಾಗದಗಳು. ನಾಲ್ಕು ಭಾಗಗಳ ಗುಟ್ಟನ್ನು ನಾನು ಅಲಂಕಾರವೆಂದು ದಾಟಿಕೊಂಡು ಬಂದಿದ್ದೆ.

ಇನ್ನೊಂದು ವಿಷಯ ಹೇಳಲು ನಾಚಿಕೆಯಾಗುತ್ತದೆ. ಆ ಹಳೆಯ ಭಾಗಗಳನ್ನು ತಿರುವುತ್ತಾ ನಾನು ಹಿಟ್ಟಿನಜ್ಜಿಯನ್ನು ಹುಡುಕಿದೆ. ಅವಳನ್ನು ಕಟ್ಟಿದವಳು ನಾನೇ ಎಂದು ಗೊತ್ತಿತ್ತು. ಆದರೂ ಅಷ್ಟು ಸಲ ಹೇಳಿದ ಮೇಲೆ, ಎಲ್ಲೋ ಒಂದು ಕಡೆ ಗಿರಣಿ ಇತ್ತಲ್ಲವೇ, ಒಬ್ಬ ಮುದುಕಿಯಾದರೂ ಇದ್ದಳಲ್ಲವೇ, ನಾನು ಬೆಳೆಸಿರಬಹುದು, ಪೂರ್ತಿ ಹುಟ್ಟಿಸಿರಲಾರೆ ಎನಿಸುತ್ತಿತ್ತು. ಬಂದರಿನ ಅಧ್ಯಾಯವನ್ನು ಬೆರಳಿಟ್ಟು ಸಾಲು ಸಾಲು ನೋಡಿದೆ. ಮೀನಿನ ಅಂಗಡಿ ಇತ್ತು. ಹಗ್ಗ ಹೊಸೆಯುವವನಿದ್ದ. ಗಿರಣಿ ಇರಲಿಲ್ಲ. ಯಾವುದು ಪುಸ್ತಕದ್ದು, ಯಾವುದು ನನ್ನದು ಎಂಬುದು ನನಗೇ ಕಲಸಿಹೋಗಿತ್ತು.

ತಂಗಿ ಬಂದು ಮೇಜಿನ ಮೇಲಿದ್ದ ಆರನೆಯದನ್ನು ಕಂಡಳು.

“ಅಯ್ಯೋ, ಬಂತಾ! ಹೇಳೇ ಇಲ್ವಲ್ಲ ನೀನು. ಕ್ಲಾಸಿಗೆ ಇದನ್ನೇ ಹೇಳ್ತೀನಿ.”

“ಬೇಡ ಕಣೇ, ಇದು ಅಷ್ಟು ಚೆನ್ನಾಗಿಲ್ಲ. ಬೇರೆ ಯಾವ್ದಾದ್ರೂ ತಗೋ.”

“ನೀನು ಹಂಗೇ ಅಂತೀಯ. ಹಿಂದಿನ ಐದೂ ನಂಗೆ ಬಾಯಿಪಾಠ. ಬೇರೆಯವರಿಗೆ ಒಂದು ಪುಸ್ತಕ ಗೊತ್ತಿದ್ರೆ ನಂಗೆ ಆರು ಗೊತ್ತು.”

ತೆಗೆದುಕೊಂಡು ಹೋದಳು. ಹೇಳಲು ಅದು ಮೊದಲನೆಯ ಅವಕಾಶ. ಹೇಳಲಿಲ್ಲ.

ಆಮೇಲಿನ ಎರಡು ವಾರ ದಿನವೂ ಫೋನ್. “ಅಕ್ಕ, ಈ ನಾವಿಕ ಯಾರು? ನೀನು ಹೇಳಿದ್ಯಾ ಇವನ ವಿಷಯ?” ಇನ್ನೊಂದು ದಿನ: “ಎಪ್ಪತ್ತು ಪುಟ ಆಯ್ತು, ಅಜ್ಜಿ ಇನ್ನೂ ಬಂದಿಲ್ಲ. ಸತ್ತುಗಿತ್ತು ಹೋದ್ಲಾ?” ಮತ್ತೊಂದು ದಿನ ಬಸ್ಸಿನಿಂದಲೇ: “ಹೊಳೀತು ಕಣಕ್ಕ! ಆ ನಾವಿಕನೇ ಹಿಟ್ಟಿನಜ್ಜಿ. ವೇಷ ಹಾಕ್ಕೊಂಡಿದ್ದ. ಅದಕ್ಕೇ ಅವನಿಗೆ ಎಲ್ಲ ಗೊತ್ತಿರೋದು. ಸರಿ ತಾನೆ? ನೀನು ಮುಗ್ಸಿದೀಯಲ್ಲ, ಹೇಳು.” ನಾನು ಮುಗಿಸಿರಲಿಲ್ಲ. ಆದರೆ ಒಂದು ಗಳಿಗೆ ನನಗೂ ಅದು ಸರಿಯೆನಿಸಿತು! ಹಾಗೇ ಇದ್ದರೆ ಎಷ್ಟು ಚೆನ್ನ, ನನ್ನ ಅಜ್ಜಿಗೂ ಪುಸ್ತಕದಲ್ಲಿ ಜಾಗ ಸಿಕ್ಕಂತಾಗುತ್ತದೆ ಎಂದು ಖುಷಿಯೂ ಆಯಿತು. “ನೀನೇ ಓದಿ ನೋಡು, ನಾನು ಹೇಳಿದ್ರೆ ಮಜಾ ಹೋಗುತ್ತೆ” ಎಂದೆ. ದಿನಕ್ಕೊಂದರಂತೆ ಅವಕಾಶಗಳು ಬಂದು ಹೋದವು.

ತರಗತಿಯಲ್ಲಿ ಕಥೆ ಹೇಳಿದ ದಿನ ಮಧ್ಯಾಹ್ನ ಅವಳು ಕೋಟನ್ನೂ ತೆಗೆಯದೆ ನನ್ನ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ನಾನು ಈರುಳ್ಳಿ ಹೆಚ್ಚುತ್ತಿದ್ದೆ.

“ಟೀಚರ್ ಮಗಳ ಹತ್ರ ಆರೂ ಪುಸ್ತಕ ಇದೆಯಂತೆ” ಎಂದಳು. “ನಾನು ಮೊದಲಿಂದ ಹೇಳ್ದೆ. ಗಿರಣಿ, ಸರದಿ, ಡಬ್ಬ ಎಲ್ಲ. ಟೀಚರ್ ಕೇಳಿದ್ರು, ಯಾವ ಅಜ್ಜಿ ಅಂತ. ನಾನು ಮತ್ತೆ ಹೇಳ್ದೆ. ಅವರು, ಅಂಥವಳು ಯಾರೂ ಇಲ್ವಲ್ಲ ಅಂದ್ರು. ನಾನು ಬಿಡ್ಲಿಲ್ಲ. ಇದಾಳೆ ಅಂತ ವಾದ ಮಾಡ್ದೆ, ಹತ್ತು ನಿಮಿಷ. ಎಲ್ರೂ ಸುಮ್ನೆ ಕೂತ್ಕೊಂಡು ನೋಡ್ತಿದ್ರು.”

“ಆಮೇಲೆ?”

“ಆಮೇಲೇನು. ಫಿಕಾ ಟೈಮಲ್ಲಿ ಕಾಫಿ ಕೊಟ್ಟು ಪಕ್ಕದಲ್ಲಿ ಕೂತು ಹೇಳಿದ್ರು. ನೀವು ಚೆನ್ನಾಗಿ ಮಾತಾಡ್ತೀರ, ಆದ್ರೆ ಓದಿದ್ದು ತಪ್ಪಾಗಿ ಅರ್ಥ ಆಗ್ತಿದೆ, ಇನ್ನೊಂದು ಟರ್ಮ್ ಕೂತ್ಕೊಳಿ, ಅವಸರ ಇಲ್ಲ ಅಂತ.” ಅವಳು ಕೈಗವಸನ್ನು ಬೆರಳು ಬೆರಳಾಗಿ ಬಿಚ್ಚುತ್ತಿದ್ದಳು. “ಅಕ್ಕ, ಅಜ್ಜಿ ಇದ್ಲಲ್ವಾ?”

ನಾನು ಈರುಳ್ಳಿಯಿಂದ ತಲೆಯೆತ್ತಲಿಲ್ಲ.

“ಇದ್ಲು ಅನ್ಸುತ್ತೆ... ಬೇರೆ ಯಾವ್ದೋ ಪುಸ್ತಕದೋಳು ಇರ್ಬೇಕು. ಆಗ ನೀನು ಬಸುರಿ, ನಿದ್ದೆಗಣ್ಣಲ್ಲಿ ಕೇಳ್ತಿದ್ದೆ. ನೀನೇ ಬೆರೆಸ್ಕೊಂಡಿರ್ಬೇಕು.”

ಅದನ್ನು ಹೇಳಿದವಳು ನಾನು. ಅಜ್ಜಿಯನ್ನು ಕಟ್ಟಿದ್ದನ್ನು ಯಾರಾದರೂ ನಕ್ಕು ಮರೆಯಬಹುದು. ಈ ಮಾತನ್ನು ಮರೆಯುವುದು ಹೇಗೆ? ನನ್ನ ಸುಳ್ಳು ನನ್ನ ತಲೆಯಿಂದ ಇಳಿದು ಅವಳ ತಲೆಯ ಮೇಲೆ ಹೋಗಿ ಕೂತಿತು. “ಇರ್ಬೇಕು” ಎಂದಳು. “ನಂಗೆ ಈ ಭಾಷೆ ಹತ್ತಲ್ಲ ಕಣಕ್ಕ. ಅರ್ಥ ಆಯ್ತು ಅಂದ್ಕೊಂಡಿರ್ತೀನಿ, ಆಗಿರಲ್ಲ. ನಿಂಗೆ ಹತ್ತಿದ ಹಾಗೆ ನಂಗೆ ಹತ್ತಲ್ಲ.”

ಅವಳಿಗಿಂತ ನನಗೆ ಚೆನ್ನಾಗಿ ಬರುತ್ತದೆಂದು ಅವಳ ಬಾಯಿಂದ ಕೇಳಬೇಕೆಂದು ಎಷ್ಟು ವರ್ಷ ಆಸೆಪಟ್ಟಿದ್ದೆನೋ. ಕೇಳಿದೆ. ಈರುಳ್ಳಿ ಹೆಚ್ಚಿ ಮುಗಿಸಿ ಅವಳಿಗೆ ಉಪ್ಪಿಟ್ಟು ಮಾಡಿಕೊಟ್ಟೆ.

ಆ ವಾರದ ಕೊನೆಗೆ ಪರೀಕ್ಷೆಯ ಪಟ್ಟಿ ಹೋಯಿತು, ಅವಳ ಹೆಸರಿಲ್ಲದೆ. ಅವಳು ಬದಲಾದಳು. ಅಂಗಡಿಯಲ್ಲಿ ಕೇಳಬೇಕಾದ್ದನ್ನು ಮನೆಯಲ್ಲೇ ಎರಡು ಸಲ ಹೇಳಿ ನೋಡಿಕೊಂಡು ಹೋಗುವಳು. ಡಾಗಿಸ್‌ನಿಂದ ಬಂದ ಚೀಟಿಯನ್ನು, ತಾನೇ ಓದಿದ್ದನ್ನು, ನನಗೆ ತಂದು ತೋರಿಸಿ, “ಗುರುವಾರ ಕಾಡಿಗೆ ಕರ್ಕೊಂಡು ಹೋಗ್ತಾರೆ ಅಂತ ತಾನೆ ಇದು?” ಎನ್ನುವಳು. ಸರಿಯಾಗಿಯೇ ಓದಿರುತ್ತಿದ್ದಳು. ಅದರಲ್ಲಿದ್ದ ಒಂದೆರಡು ಪದ ನನಗೇ ಬರುತ್ತಿರಲಿಲ್ಲ. “ಹೌದು” ಎನ್ನುತ್ತಿದ್ದೆ. ಸ್ಲೇಟು ಹಿಡಿದು ಊರ ಹೆಂಗಸರಿಗೆ ಅಕ್ಷರ ಕಲಿಸಿದ್ದ ಹುಡುಗಿ ಅವಳು. ಏಳನೆಯ ತರಗತಿಯವಳ ಹತ್ತಿರ ಚೀಟಿ ಓದಿಸಲು ಬರುತ್ತಿದ್ದಳು.

ಕೊನೆಗೆ ನಿಜ ಹೇಳಿದ್ದು ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಅಲ್ಲಿ ಇಡೀ ಕಟ್ಟಡಕ್ಕೆ ಒಂದೇ ಕೋಣೆ, ಮೊದಲೇ ಸರದಿ ಹಿಡಿಯಬೇಕು. ನಮ್ಮ ಸರದಿಯಲ್ಲೇ ಅವಳೂ ತನ್ನ ದೊಡ್ಡ ಬಟ್ಟೆಗಳನ್ನು ತರುತ್ತಿದ್ದಳು. ಹಾಸಿಗೆಯ ಚಾದರದ ಎರಡು ತುದಿ ಅವಳು, ಎರಡು ತುದಿ ನಾನು ಹಿಡಿದು ಮಡಿಸುತ್ತಿದ್ದೆವು.

“ಕೋರ್ಸಿಗೆ ಹೋಗಲ್ಲ ಅಂದ್ಕೊಂಡಿದೀನಿ” ಎಂದಳು. “ಸುಮ್ನೆ ಯಾಕೆ. ನಿಮ್ ಶಾಲೆ ಅಡುಗೆಮನೇಲಿ ಕೆಲಸ ಇದ್ರೆ ನೋಡು.”

ಆಗ ಹೇಳಿದೆ. ಚಾದರ ಬಿಡದೆ, ಅವಳ ಮುಖ ನೋಡದೆ, ಒಂದೇ ಉಸಿರಿಗೆ. ಓರೆ ಅಕ್ಷರ, ದಾಟಿದ ಪುಟ, ಬಾವಿ, ಗಿರಣಿ.

ಯಂತ್ರ ತಿರುಗುತ್ತಿತ್ತು. ಅವಳು ಪರೀಕ್ಷೆಯ ಪ್ರಶ್ನೆ ಕೇಳುವವಳಂತೆ ಒಂದೊಂದಾಗಿ ಕೇಳಿದಳು.

“ಹಗ್ಗ ಹೊಸೆಯೋನು?”

“ಇದಾನೆ.”

“ಸುಳ್ಳು ಹೇಳ್ಬೇಡ.”

“ಅವನು ನಿಜವಾಗ್ಲೂ ಇದಾನೆ ಕಣೇ. ನೀನೇ ಓದು.”

“ಬೆಕ್ಕು ಮಾತಾಡಿದ್ದು?”

“ಅದೂ ಇದೆ.”

“ಅಜ್ಜಿ ಗಂಡ ಸಮುದ್ರಕ್ಕೆ ಹೋಗಿ ಬರ್ಲಿಲ್ಲ ಅಂತ ಅವಳು ಒಂದು ದಿನ ಗಿರಣಿ ನಿಲ್ಸಿ ಅತ್ತಿದ್ದು?”

ನಾನು ಚಾದರದ ಅಂಚು ಸರಿಮಾಡತೊಡಗಿದೆ.

“ನಾನು ಅವತ್ತು ಅತ್ತೆ ಕಣೇ ಅಕ್ಕ” ಎಂದಳು. ‘ಕಣೇ’ ಎಂದು ಅವಳು ನನಗೆ ಅದುವರೆಗೆ ಅಂದಿರಲಿಲ್ಲ. ನಕ್ಕಳೋ ಏನೋ, ಆ ಸದ್ದಿನಲ್ಲಿ ಸರಿಯಾಗಿ ತಿಳಿಯಲಿಲ್ಲ. ಮತ್ತೆ ಮುಖ ಗಂಟಿಕ್ಕಿತು. “ಕ್ಲಾಸಲ್ಲಿ ಟೀಚರಿಗೆ ಏನಂದೆ ಗೊತ್ತಾ? ನಮ್ಮಕ್ಕ ಐದೂ ಓದಿದಾಳೆ, ಅವಳು ತಪ್ಪು ಹೇಳಲ್ಲ ಅಂದೆ. ಎಲ್ಲರ ಮುಂದೆ. ಅಜ್ಜೀನ ಕಟ್ಟಿದ್ದಕ್ಕೆ ನಂಗೆ ಬೇಜಾರಿಲ್ಲ. ನೀನೇ ಬೆರೆಸ್ಕೊಂಡಿರ್ಬೇಕು ಅಂದ್ಯಲ್ಲ, ಅದಕ್ಕೆ. ಆರು ವಾರ ನನ್ನ ತಲೆ ಸರಿ ಇಲ್ಲ ಅಂದ್ಕೊಂಡು ತಿರುಗಿದೀನಿ ನಾನು.”

ತನ್ನ ತುದಿಗಳನ್ನು ಕೈಬಿಟ್ಟಳು. ಒಗೆದ ಚಾದರ ನೆಲಕ್ಕೆ ಬಿತ್ತು. ಬಾಗಿಲವರೆಗೆ ಹೋದವಳು ತಿರುಗಿ, “ನಾಳೆ ಬಂದು ಟೀಚರಿಗೆ ನೀನೇ ಹೇಳ್ತೀಯ” ಎಂದಳು. “ಸ್ವೀಡಿಷಲ್ಲಿ.”

ಹೋದೆ. ಅರ್ಧಕ್ಕೆ ಬಿಟ್ಟು ಬಂದಿದ್ದ ಅದೇ ಕಟ್ಟಡ. ಹೇಳಬೇಕಾದ ವಾಕ್ಯಗಳನ್ನು ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಾ ಜೋಡಿಸಿಕೊಂಡಿದ್ದೆ. ಟೀಚರ್ ಎದುರು ನಿಂತಾಗ ಅರ್ಧ ಮರೆತೆ. ‘ಆ ಅಜ್ಜಿ ನನ್ನವಳು. ಪುಸ್ತಕದವಳಲ್ಲ. ನನಗೆ ಓದಲು ಬರಲಿಲ್ಲ, ತಂಗಿಗೆ ಸುಳ್ಳು ಹೇಳಿದೆ. ಅವಳು ಸರಿಯಾಗಿ ಓದಿದ್ದಾಳೆ.’ ಇಷ್ಟು ಹೇಳಿದ ನೆನಪು. ಟೀಚರಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಪಾಪ, ನನ್ನನ್ನೇ ಒಮ್ಮೆ, ತಂಗಿಯನ್ನೇ ಒಮ್ಮೆ ನೋಡುತ್ತಿದ್ದರು. ತಂಗಿ ಸಹಾಯಕ್ಕೆ ಬರಲಿಲ್ಲ. ಕೊನೆಗೆ ಅವರಿಗೆ ತಿಳಿದು, ಆರನೆಯ ಭಾಗದ ಕಥೆಯನ್ನಷ್ಟೇ ಈಗ ಹೇಳಿ ಎಂದು ತಂಗಿಗೆ ಹೇಳಿದರು. ಅವಳು ಹೇಳಿದಳು. ನಾವಿಕ, ಕಾಗದ, ಅವನ ಸುಳ್ಳು, ಮನೆಗಳು ಹೋದದ್ದೆಲ್ಲಿಗೆ, ಎಲ್ಲ. ಆ ಭಾಗದ ಕೊನೆ ನನಗೆ ತಿಳಿದದ್ದು ಅಲ್ಲಿ, ಗೋಡೆಗೆ ಒರಗಿ ನಿಂತು, ಅವಳ ಬಾಯಿಂದ. ಅದರಲ್ಲೂ ಅರ್ಧ ತಿಳಿಯಲಿಲ್ಲ.

ಪಟ್ಟಿ ಹೋಗಿಯಾಗಿತ್ತು. ಟೀಚರ್ ಕೈಯಲ್ಲಿ ಏನೂ ಇರಲಿಲ್ಲ. ಮುಂದಿನ ಟರ್ಮಿನಲ್ಲಿ ಅವಳು ಪರೀಕ್ಷೆ ಬರೆದು ಪಾಸಾದಳು. ಕೋರ್ಸು ಆ ವೇಳೆಗೆ ತುಂಬಿತ್ತು, ಇನ್ನೊಂದು ಸಲಕ್ಕೆ ಕಾದು ಸೇರಿದಳು. ಒಟ್ಟು ಒಂದು ವರ್ಷ. ಆ ವರ್ಷ ನಾನು ತಿಂದದ್ದು. ಅವಳ ಮಗುವನ್ನು ನೋಡಿಕೊಂಡೆ, ಹಬ್ಬಕ್ಕೆ ಒಬ್ಬಟ್ಟು ಮಾಡಿ ಕಳಿಸಿದೆ, ಅವಳು ಬೇಡವೆನ್ನಲಿಲ್ಲ. ಏಳನೆಯ ಭಾಗವನ್ನು ಅವಳು ಅವಳ ಕಾರ್ಡಿನಲ್ಲಿ ತಂದು ಓದಿದಳು, ನಾನು ನನ್ನ ಕಾರ್ಡಿನಲ್ಲಿ. ಅದರ ಬಗ್ಗೆ ನಾವು ಮಾತಾಡಲಿಲ್ಲ. ಓರೆ ಅಕ್ಷರದ ಪುಟಗಳನ್ನು ಈ ಸಲ ಬಿಡದೆ ಓದಿದೆ. ಅರ್ಥವಾದದ್ದು ಸ್ವಲ್ಪವೇ.

ಈಗ ಅವಳು ನನ್ನ ಜೊತೆ ಮೊದಲಿನಂತೆಯೇ ಇದ್ದಾಳೆ. ಬರುತ್ತಾಳೆ, ಉಣ್ಣುತ್ತಾಳೆ, ಗೇಲಿ ಮಾಡುತ್ತಾಳೆ. ಒಂದು ಮಾತ್ರ ಹೊಸದು. ಊರಿನಿಂದ ಅಮ್ಮ ಫೋನಿನಲ್ಲಿ ಹೇಳಿದ್ದನ್ನು ನಾನು ತಿಳಿಸಿದಾಗಲೆಲ್ಲ, “ಅಮ್ಮ ಹೇಳಿದ್ದಾ, ನೀನು ಸೇರಿಸಿದ್ದಾ?” ಎಂದು ಕೇಳುತ್ತಾಳೆ. ಕೆಲವು ಸಲ ನಗುತ್ತಾ ಕೇಳುತ್ತಾಳೆ. ಕೆಲವು ಸಲ ನಗುತ್ತಾಳೋ ಇಲ್ಲವೋ ತಿಳಿಯುವುದಿಲ್ಲ. ಕಳೆದ ಭಾನುವಾರ, “ಮಗೂನ ನೋಡದೆ ಅಮ್ಮನಿಗೆ ಊಟ ಸೇರ್ತಿಲ್ವಂತೆ” ಎಂದೆ. ಅವಳು ಅದೇ ಪ್ರಶ್ನೆ ಕೇಳಿದಳು. ಉತ್ತರ ಕೊಡಲು ಬಾಯಿ ತೆರೆದೆ. ಅಮ್ಮ ಮಗುವನ್ನು ಕೇಳಿದ್ದು ಖಂಡಿತ. ಊಟದ ಮಾತನ್ನು ಅಮ್ಮನೇ ಆಡಿದಳೋ, ಅವಳ ದನಿ ಕೇಳಿ ನನಗೆ ಹಾಗನಿಸಿತೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. “ಇರು” ಎಂದು ಎದ್ದು, ತಂಗಿಯೆದುರಿಗೇ ಊರಿಗೆ ಮತ್ತೆ ಫೋನ್ ಮಾಡಿದೆ.